ಚಾವಟಿಗೆ ಕೋಟಿ: ಹರಾಜಿನಲ್ಲಿ ಕೂಗುವ ಮೊದಲು ಏನೇನು ನೋಡಬೇಕು?

2025ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆ ಸಿನಿಮಾ ವಸ್ತುಗಳನ್ನು ಹರಾಜಿಗಿಟ್ಟಿತ್ತು. ಅಲ್ಲಿ ಬುಲ್‌ವಿಪ್ ಎಂಬ ಬಗೆಯ ಚರ್ಮದ ಒಂದು ಚಾವಟಿ 5,25,000 ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ. 1989ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಲಾಸ್ಟ್ ಕ್ರುಸೇಡ್’ ಚಿತ್ರದಲ್ಲಿ ನಟ ಹ್ಯಾರಿಸನ್ ಫೋರ್ಡ್ ಬಳಸಿದ ಚಾವಟಿ ಅದು.

ಹೆಸರಾಂತ ಕುಶಲಕರ್ಮಿಯೊಬ್ಬರು ಕಾಂಗರೂ ಚರ್ಮದಲ್ಲಿ ಹೆಣೆದುಕೊಡುವ ಹತ್ತು ಅಡಿಯ ಹೊಸ ಚಾವಟಿಗೆ ಸಾವಿರ ಡಾಲರ್ ಆಸುಪಾಸು ಬೆಲೆ ಇದೆ. ಪ್ರವಾಸಿ ತಾಣದ ಅಂಗಡಿಗಳಲ್ಲಿ ತೂಗುಹಾಕಿರುವ ಚಾವಟಿ ಹತ್ತಾರು ಡಾಲರ್‌ಗೇ ಸಿಗುತ್ತದೆ. ಈ ಮೂರೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಹೀಗಾಗಿಯೇ ಹೊಸಬರು ಇಲ್ಲಿ ಸುಲಭವಾಗಿ ಮೋಸಹೋಗುತ್ತಾರೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಳೆ ಮನೆಗಳ ಸಾಮಾನು ಮಾರಾಟದಲ್ಲಿ ಇಂಥ ಚಾವಟಿ ಎದುರಾಗುವುದುಂಟು. ಇಲ್ಲಿಂದಲೇ ಆನ್‌ಲೈನ್ ಹರಾಜಿನಲ್ಲಿ ಭಾಗವಹಿಸುವ ಸಂಗ್ರಾಹಕರೂ ಇದ್ದಾರೆ. ಕೊಳ್ಳುವ ಮೊದಲು ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಅವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಬೆಲೆಯನ್ನು ಬಿಡಿಸಿ ನೋಡಿ

ಚಾವಟಿಯ ಬೆಲೆಯಲ್ಲಿ ಮೂರು ಪಾಲು ಸೇರಿರುತ್ತದೆ. ಚರ್ಮ ಮತ್ತು ಕೆಲಸದ್ದು ಒಂದು, ಹೆಣೆದವರ ಹೆಸರಿನದು ಇನ್ನೊಂದು, ಅದನ್ನು ಯಾರು ಬಳಸಿದರು ಎಂಬ ಕಥೆಯದು ಮೂರನೆಯದು. ಚರ್ಮವನ್ನೂ ಕೆಲಸವನ್ನೂ ಕಣ್ಣಿನಿಂದ ಪರೀಕ್ಷಿಸಬಹುದು. ಹೆಸರಿಗೆ ಹೋಲಿಕೆ ಬೇಕು. ಕಥೆಗೆ ಕಾಗದವೇ ಬೇಕು. ಈ ಮೂರರಲ್ಲಿ ಯಾವುದಕ್ಕೆ ಆಧಾರವಿಲ್ಲವೋ ಅದರ ಪಾಲನ್ನು ಬೆಲೆಯಿಂದ ಪೂರ್ತಿ ಕಳೆದುಬಿಡಿ. ‘ನಿಜವಿದ್ದರೂ ಇರಬಹುದು’ ಎಂದು ಅರ್ಧ ಬೆಲೆ ಕೊಡುವುದು ಬೇಡ.

ಬುಲ್‌ವಿಪ್ ಹೌದೇ ಎಂದು ಗುರುತಿಸಿ

ಮಾರುವವರು ಚಾವಟಿಗಳನ್ನೆಲ್ಲ ಬುಲ್‌ವಿಪ್ ಎಂದೇ ಕರೆಯುತ್ತಾರೆ. ನಿಜವಾದ ಬುಲ್‌ವಿಪ್‌ನಲ್ಲಿ ಹಿಡಿಗೂ ಮೈಗೂ ನಡುವೆ ಜೋಡಣೆ ಇರುವುದಿಲ್ಲ. ಹಿಡಿಯೊಳಗಿನ ಗಟ್ಟಿ ಕೋಲಿನ ಮೇಲೆ ಶುರುವಾದ ಹೆಣಿಗೆ ಹಾಗೆಯೇ ಮುಂದುವರಿದು, ಸಣ್ಣದಾಗುತ್ತ ತುದಿ ಮುಟ್ಟುತ್ತದೆ. ಆ ಮೈಗೆ ಥಾಂಗ್ ಎನ್ನುತ್ತಾರೆ. ಅದರ ಕೊನೆಗೆ ಒಂಟಿ ಪಟ್ಟಿಯಂತಿರುವ ಫಾಲ್, ಫಾಲ್‌ನ ತುದಿಗೆ ದಾರದ ಕ್ರ್ಯಾಕರ್.

ಆಸ್ಟ್ರೇಲಿಯಾದ ಸ್ಟಾಕ್‌ವಿಪ್ ಬೇರೆ ಜಾತಿ. ಅದರ ಹಿಡಿ ಪ್ರತ್ಯೇಕವಾಗಿದ್ದು, ಚರ್ಮದ ಕುಣಿಕೆಗಳಿಂದ ಥಾಂಗ್‌ಗೆ ಕೂಡಿಕೊಂಡಿರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆ ಶುರುವಾದದ್ದು ಒಬ್ಬಂಟಿ ಕುದುರೆ ಸವಾರ ಸ್ಟಾಕ್‌ವಿಪ್ ಬೀಸಿ ಸಿಡಿಸುವುದರೊಂದಿಗೆ. ಕೋಲಿಗೆ ಚರ್ಮ ಕಟ್ಟಿದ ನಮ್ಮ ರೈತರ ಬಾರುಕೋಲೂ ರಚನೆಯಲ್ಲಿ ಇದಕ್ಕೇ ಹತ್ತಿರ. ಸ್ಟಾಕ್‌ವಿಪ್‌ಗೂ ಒಳ್ಳೆಯ ಬೆಲೆ ಇದೆ, ಆದರೆ ಅದನ್ನು ಕೊಳ್ಳುವವರೇ ಬೇರೆ. ಕ್ವೀನ್ಸ್‌ಲ್ಯಾಂಡ್‌ನ ಲಾಂಗ್‌ರೀಚ್‌ನಲ್ಲಿ 1988ರಲ್ಲಿ ತೆರೆದ ಸ್ಟಾಕ್‌ಮನ್ಸ್ ಹಾಲ್ ಆಫ್ ಫೇಮ್ ಎಂಬ ವಸ್ತುಸಂಗ್ರಹಾಲಯವಿದೆ. ದನಗಾಹಿಗಳ ಬದುಕನ್ನೂ ಪರಿಕರಗಳನ್ನೂ ಅರಿಯಲು ಆ ಕಡೆ ಇರುವವರು ಅಲ್ಲಿಗೆ ಒಮ್ಮೆ ಹೋಗಿಬನ್ನಿ.

ಹೆಣಿಗೆಯನ್ನು ಓದುವುದು ಹೇಗೆ?

ಇದಕ್ಕೆ ಹೆಚ್ಚು ಸಮಯ ಕೊಡಿ. ಚಾವಟಿಯ ನಿಜವಾದ ಯೋಗ್ಯತೆ ಇರುವುದು ಇಲ್ಲಿ.

ಉತ್ತಮ ಬುಲ್‌ವಿಪ್‌ಗೆ ಕಾಂಗರೂ ಚರ್ಮವನ್ನೇ ಆರಿಸುವುದಕ್ಕೆ ಕಾರಣವಿದೆ. ಆ ಚರ್ಮದ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಹಬ್ಬಿರುತ್ತವೆ. ಆದ್ದರಿಂದ ತೀರಾ ತೆಳುವಾಗಿ, ಸಣ್ಣ ಎಳೆಗಳಾಗಿ ಸೀಳಿದರೂ ಅದು ಬಲ ಕಳೆದುಕೊಳ್ಳುವುದಿಲ್ಲ. ಹಸುವಿನ ಚರ್ಮ ಅಷ್ಟು ತೆಳುವಾದರೆ ಎಳೆದಾಗ ಕಿತ್ತುಬರುತ್ತದೆ. ಎಳೆ ಸಣ್ಣದಾದಷ್ಟೂ ಹೆಣಿಗೆ ಬಿಗಿಯಾಗುತ್ತದೆ, ಮೈ ನಯವಾಗಿ ಬಾಗುತ್ತದೆ.

ಹಿಡಿಯ ಹತ್ತಿರ ಸುತ್ತಲೂ ಎಷ್ಟು ಎಳೆಗಳಿವೆ ಎಂದು ಎಣಿಸಿ. ಅಗ್ಗದ ಚಾವಟಿಗಳಲ್ಲಿ ನಾಲ್ಕೋ ಎಂಟೋ ಇರುತ್ತವೆ. ಕಾಂಗರೂ ಚರ್ಮದ ಒಳ್ಳೆಯ ಕೆಲಸದಲ್ಲಿ ಹನ್ನೆರಡು, ಹದಿನಾರು, ಕೆಲವೊಮ್ಮೆ ಇಪ್ಪತ್ತನಾಲ್ಕೂ ಇರುವುದುಂಟು. ಎಳೆ ಹೆಚ್ಚಿದ್ದ ಮಾತ್ರಕ್ಕೆ ಚಾವಟಿ ಶ್ರೇಷ್ಠವಾಗಿಬಿಡುವುದಿಲ್ಲ. ಹನ್ನೆರಡೆಳೆಯ ಬಿಗಿ ಹೆಣಿಗೆ ಇಪ್ಪತ್ತನಾಲ್ಕೆಳೆಯ ಸಡಿಲ ಹೆಣಿಗೆಗಿಂತ ಎಷ್ಟೋ ಮೇಲು. ಎಣಿಸಿದ ಬಳಿಕ ತುದಿಯವರೆಗೆ ಕಣ್ಣೋಡಿಸಿ. ಮೈ ಸಣ್ಣದಾಗುತ್ತ ಹೋದಂತೆ ಕೆಲವು ಎಳೆಗಳನ್ನು ಒಳಕ್ಕೆ ಇಳಿಸಿ ಎಳೆಗಳ ಸಂಖ್ಯೆ ತಗ್ಗಿಸಿರುತ್ತಾರೆ. ಹಾಗೆ ಇಳಿಸಿದ ಜಾಗದಲ್ಲಿ ಉಬ್ಬು, ತಗ್ಗು, ಸಂದು ಕಾಣದಿದ್ದರೆ ಅದು ಪಳಗಿದ ಕೈ. ಎಳೆ ದಾಟುವಲ್ಲಿ ಮೂಡುವ ವಜ್ರಾಕೃತಿಗಳು ಉದ್ದಕ್ಕೂ ಒಂದೇ ಗೆರೆಯಲ್ಲಿ ಕೂತಿರಬೇಕು. ಗೆರೆ ತಿರುಚಿಕೊಂಡು ಮಗ್ಗುಲಿಗೆ ಸರಿದಿದ್ದರೆ ಎಳೆಗಳ ಬಿಗಿ ಸಮನಾಗಿಲ್ಲ ಎಂದರ್ಥ.

ಒಳಗೆ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಚಾವಟಿಯ ನಡುವೆ ಚರ್ಮದ ತಿರುಳು, ಅದರ ಮೇಲೆ ಬೆಲ್ಲಿ ಎಂದು ಕರೆಯುವ ಒಳ ಹೆಣಿಗೆ, ಅದನ್ನು ಸುತ್ತಿದ ಬೋಲ್ಸ್ಟರ್ ಎಂಬ ಪಟ್ಟಿ, ಕೊನೆಗೆ ಹೊರ ಹೆಣಿಗೆ ಇರುತ್ತವೆ. ಕೆಲವರು ಬೆಲ್ಲಿಯನ್ನೇ ಎರಡು ಪದರ ಹೆಣೆಯುತ್ತಾರೆ. ಯಾರೂ ನೋಡದ ಆ ಪದರಗಳಿಗೆ ಇಷ್ಟು ಶ್ರಮ ಹಾಕುವ ಕುಶಲಕರ್ಮಿಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಕಳಪೆ ಮಾಲಿನಲ್ಲಿ ಅದೇ ಜಾಗಕ್ಕೆ ಹಗ್ಗ, ಚಿಂದಿ ತುರುಕಿರುತ್ತಾರೆ.

ಇದನ್ನು ಕಂಡುಕೊಳ್ಳಲು ಸರಳ ದಾರಿಯೊಂದಿದೆ. ಹಿಡಿಯನ್ನು ಅಡ್ಡಲಾಗಿ ಹಿಡಿದು ಥಾಂಗನ್ನು ಇಳಿಬಿಡಿ. ಹಿಡಿ ಮುಗಿದಲ್ಲಿಂದ ಅದು ನಿಧಾನವಾಗಿ, ಒಂದೇ ಹರಿವಿನ ಕಮಾನಿನಂತೆ ಬಾಗಬೇಕು. ಒಂದು ಕಡೆ ಪಟ್ಟನೆ ಮುರಿದಂತೆ ಬಾಗಿದರೆ ಒಳಗಿನ ತಿರುಳು ಅಲ್ಲಿ ಸೋತಿದೆ, ಇಲ್ಲವೇ ಮೊದಲೇ ಇರಲಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವವರು ಇದರದೇ ಸಣ್ಣ ವಿಡಿಯೊ ಕೇಳಿ ಪಡೆಯಿರಿ.

ಹಂತಹಂತವಾಗಿ ಸಣ್ಣಗಾಗುವ ಈ ಮೈ ಅಲಂಕಾರಕ್ಕಲ್ಲ. ಬೀಸಿದಾಗ ಥಾಂಗ್‌ನಲ್ಲಿ ಒಂದು ಸುರುಳಿ ಹುಟ್ಟಿ ತುದಿಯತ್ತ ಓಡುತ್ತದೆ. ಮುಂದೆ ಹೋದಂತೆ ಮೈಯ ತೂಕ ಕಡಿಮೆಯಾಗುವುದರಿಂದ ಸುರುಳಿಯ ವೇಗ ಏರುತ್ತದೆ. ಉತ್ತರ ಕರ್ನಾಟಕದ ಓಣಿಗಳಲ್ಲಿ ದುರುಗಮುರುಗಿಯವರ ಚಾಟಿಯ ಸಿಡಿತ ಕೇಳಿದವರಿಗೆ ಅದರ ಜೋರು ಗೊತ್ತು. ಬುಲ್‌ವಿಪ್‌ನ ಸಿಡಿತ ಚರ್ಮಕ್ಕೆ ಚರ್ಮ ಬಡಿದ ಸದ್ದಲ್ಲ. ಅರಿಝೋನಾ ವಿಶ್ವವಿದ್ಯಾಲಯದ ಅಲೈನ್ ಗೊರಿಯೆಲಿ ಮತ್ತು ಟೈಲರ್ ಮೆಕ್‌ಮಿಲನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಸುರುಳಿಯೇ ಶಬ್ದದ ವೇಗವನ್ನು ದಾಟಿದಾಗ ಹುಟ್ಟುವ ಆಘಾತ ತರಂಗ ಅದು. ಮೈ ಸರಿಯಾಗಿ ಸಣ್ಣಗಾಗದ ಚಾವಟಿಯಲ್ಲಿ ಈ ಓಟ ನಡುವೆಯೇ ಸೋಲುತ್ತದೆ.

ಚರ್ಮದ ಆರೋಗ್ಯ

ಬಿಳಿ ಬಟ್ಟೆಯಿಂದ ಒಂದು ಕಡೆ ಮೆಲ್ಲಗೆ ಒರೆಸಿ. ಕೆಂಪು ಪುಡಿ ಅಂಟಿದರೆ ಅದು ರೆಡ್ ರಾಟ್. ಸಸ್ಯದ ತೊಗಟೆಯಿಂದ ಹದ ಮಾಡಿದ ಹಳೆ ಚರ್ಮ, ಗಾಳಿಯಲ್ಲಿನ ಗಂಧಕದ ಅಂಶದಿಂದ ಹೀಗೆ ಶಿಥಿಲವಾಗುತ್ತದೆ. ಹಬ್ಬದಂತೆ ತಡೆಯಬಹುದು, ಮೊದಲಿನಂತೆ ಮಾಡಲಾಗದು. ಬಾಗಿಸಿದಾಗ ಎಳೆಗಳ ಮೇಲೆ ಕೂದಲೆಳೆಯಂಥ ಬಿರುಕು ಕಂಡರೂ ಎಚ್ಚರ. ಫಾಲ್‌ಗೆ ಹತ್ತಿರದ ಕೊನೆಯ ಒಂದು ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿ, ಹೆಚ್ಚು ಸವೆಯುವುದು ಅಲ್ಲಿಯೇ.

ಫಾಲ್, ಕ್ರ್ಯಾಕರ್ ಹೊಸದಾಗಿದ್ದರೆ ಹಿಂಜರಿಯಬೇಡಿ. ಬಳಸಿದಂತೆಲ್ಲ ಅವನ್ನು ಬದಲಿಸುವುದು ರೂಢಿ.

ಹೆಣೆದವರು ಯಾರು?

ಈ ಲೋಕದಲ್ಲಿ ದೊಡ್ಡ ಹೆಸರು ಡೇವಿಡ್ ಮಾರ್ಗನ್ ಅವರದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದ ಅವರು 1972ರಲ್ಲಿ ‘ವಿಪ್ಸ್ ಅಂಡ್ ವಿಪ್‌ಮೇಕಿಂಗ್’ ಪುಸ್ತಕ ಬರೆದರು. 1981ರಲ್ಲಿ ತೆರೆಕಂಡ ಮೊದಲ ಇಂಡಿಯಾನಾ ಜೋನ್ಸ್ ಚಿತ್ರಕ್ಕೆ ಚಾವಟಿ ಹೆಣೆದವರೂ ಅವರೇ. ಹನ್ನೆರಡೆಳೆ, ಎಂಟು ಇಂಚಿನ ಹಿಡಿ ಇರುವ ಆ ಮಾದರಿಯನ್ನು ಸಂಗ್ರಾಹಕರು ‘450 ಸೀರೀಸ್’ ಎಂದೇ ಗುರುತಿಸುತ್ತಾರೆ. ಆಸ್ಟ್ರೇಲಿಯಾದ ರಾನ್ ಎಡ್ವರ್ಡ್ಸ್ ಅವರ ‘ಹೌ ಟು ಮೇಕ್ ವಿಪ್ಸ್’ ಕೂಡ ಕೈಗೆ ಸಿಕ್ಕರೆ ಕೊಂಡಿಡಿ. ಹೆಣೆಯಲು ಕಲಿಯದಿದ್ದರೂ ಹೆಣಿಗೆಯನ್ನು ಗುರುತಿಸಲು ಅದು ಕಲಿಸುತ್ತದೆ.

ಚಾವಟಿಯ ಮೇಲೆ ಸಹಿ ಇರುವುದು ಅಪರೂಪ. ಹಿಡಿಯ ಬುಡದ ಗಂಟಿನ ಆಕಾರ, ಗಂಟಿನಲ್ಲಿ ಎಳೆಗಳು ಹಾಯುವ ಕ್ರಮ, ಕೈಕುಣಿಕೆ ಜೋಡಿಸಿದ ರೀತಿ, ಫಾಲ್ ಕಟ್ಟುವ ಗಂಟು, ಇವೇ ಹೆಣೆದವರ ಗುರುತು. ಅದೇ ಕೈಯ ಕೆಲಸವೆಂದು ಖಚಿತವಿರುವ ಕನಿಷ್ಠ ಎರಡು ಮೂರು ಚಾವಟಿಗಳ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿ. ಮೂಲ ಬಿಲ್ಲು, ಕ್ಯಾಟಲಾಗ್, ಹೆಣೆದವರ ಪತ್ರ ಇದ್ದರೆ ಆಗ ಹೆಸರಿನ ಪಾಲಿಗೆ ಹಣ ಕೊಡಿ.

ಕಥೆಗೆ ಕಾಗದ ಕೇಳಿ

ಆ ನಾಲ್ಕೂವರೆ ಕೋಟಿಯ ಚಾವಟಿಯನ್ನೇ ನೋಡಿ. ಚಿತ್ರದ ಕೊನೆಯಲ್ಲಿ ಪವಿತ್ರ ಪಾತ್ರೆಯನ್ನು ಹುಡುಕುವ ದೃಶ್ಯಗಳಲ್ಲಿ ಅದು ಬಳಕೆಯಾಗಿತ್ತು. ಬ್ರಿಟನ್‌ನಲ್ಲಿ ಚಿತ್ರದ ಪ್ರಥಮ ಪ್ರದರ್ಶನದಂದು ಫೋರ್ಡ್ ಅದನ್ನು ಆಗಿನ ರಾಜಕುಮಾರ ಚಾರ್ಲ್ಸ್‌ಗೆ ಕೊಟ್ಟರು. ಚಾರ್ಲ್ಸ್‌ರಿಂದ ಡಯಾನಾಗೆ, ಡಯಾನಾರಿಂದ ಹರಾಜಿಗೆ ತಂದ ಮಾಲೀಕರಿಗೆ ಬಂತು. ಚಿತ್ರೀಕರಣದಿಂದ ಹರಾಜಿನವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಎಲ್ಲೂ ತುಂಡಾಗಿಲ್ಲ. ಅಷ್ಟು ಬೆಲೆ ಬರಲು ಇದೂ ಕಾರಣ.

ಸಿನಿಮಾ ವಸ್ತುಗಳ ವಿವರಣೆಯಲ್ಲಿ ಪದಗಳನ್ನು ತೂಗಿ ಓದಿ. ತೆರೆಯ ಮೇಲೆ ಬಳಸಿದ್ದು ಬೇರೆ, ಚಿತ್ರಕ್ಕೆಂದು ತಯಾರಿಸಿ ಬಳಸದೆ ಉಳಿದದ್ದು ಬೇರೆ, ‘ಚಿತ್ರದ ಮಾದರಿಯ’ ಚಾವಟಿ ಇನ್ನೂ ಬೇರೆ. ಒಂದೇ ಚಿತ್ರಕ್ಕೆ ಹಲವು ಚಾವಟಿ ಮಾಡಿಸುತ್ತಾರೆ. ಆದ್ದರಿಂದ ಚಿತ್ರದ ಸ್ಥಿರಚಿತ್ರದಲ್ಲಿ ಕಾಣುವ ಕಲೆ, ಸವೆತ, ಎಳೆಯ ದೋಷ ನಿಮ್ಮ ಎದುರಿನ ಚಾವಟಿಯಲ್ಲೂ ಅದೇ ಜಾಗದಲ್ಲಿದೆಯೇ ಎಂದು ಹೊಂದಿಸಿ ತೋರಿಸಿದರೆ ಅದೇ ಬಲವಾದ ಪುರಾವೆ. 1940ರ ದಶಕದ ಕೌಬಾಯ್ ಚಿತ್ರಗಳ ತಾರೆ ಲ್ಯಾಶ್ ಲರೂ ಅವರ ಹೆಸರಿನಲ್ಲಿ ಬರುವ ಚಾವಟಿಗಳಿಗೂ ಇದೇ ಪರೀಕ್ಷೆ ಇರಲಿ.

ಇನ್ನೊಂದು ಬಗೆಯ ಕಥೆಯೂ ಮಾರುಕಟ್ಟೆಯಲ್ಲಿ ಓಡಾಡುತ್ತದೆ. ಅಮೆರಿಕದ ದಕ್ಷಿಣದ ತೋಟಗಳಲ್ಲಿ ಗುಲಾಮರ ಮೇಲೆ ಬಳಸಿದ್ದು ಎಂದು ಹೇಳಿ ಮಾರುವ ಚಾವಟಿಗಳು. ಬರೀ ಬಾಯಿಮಾತಿನ ಮೇಲೆ ಅವನ್ನು ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸುಳ್ಳಾಗಿದ್ದರೆ ಸತ್ತವರ ನೋವನ್ನು ಸರಕಾಗಿಸಿದಂತೆ. ನಿಜವಾಗಿದ್ದರೆ ಅದು ಇರಬೇಕಾದದ್ದು ಆ ಚರಿತ್ರೆಯನ್ನು ಪೂರ್ತಿಯಾಗಿ ಹೇಳಬಲ್ಲ ವಸ್ತುಸಂಗ್ರಹಾಲಯದಲ್ಲಿ, ನಮ್ಮ ಹಜಾರದ ಗೋಡೆಯ ಮೇಲಲ್ಲ.

ಲೆಕ್ಕ, ಕಾನೂನು

ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ಮುಗಿದ ಹರಾಜುಗಳಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂಬ ದಾಖಲೆ ನೋಡಿ. ದೊಡ್ಡ ಹರಾಜು ಸಂಸ್ಥೆಗಳು ಅದನ್ನು ತಮ್ಮ ತಾಣಗಳಲ್ಲಿ ಇಟ್ಟಿರುತ್ತವೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಖರೀದಿದಾರರ ಪ್ರೀಮಿಯಂ ಸೇರುತ್ತದೆ ಎಂಬುದು ನೆನಪಿರಲಿ. ಅದು ಶೇ 25 ಇದ್ದರೆ ಸಾವಿರ ಡಾಲರ್ ಕೂಗಿದವರು 1,250 ಕೊಡಬೇಕು. ಅದರ ಮೇಲೆ ತೆರಿಗೆ, ವಿಮೆ, ಸಾಗಣೆ. ಇವೆಲ್ಲ ಸೇರಿ ನಿಮ್ಮ ಮಿತಿ ಎಷ್ಟು ಎಂದು ಹರಾಜಿನ ಹಿಂದಿನ ದಿನವೇ ಕಾಗದದ ಮೇಲೆ ಬರೆದಿಡಿ. ಸ್ಥಿತಿಗತಿಯ ಲಿಖಿತ ವರದಿ ಕೇಳಿ. ನಕಲಿ ಎಂದು ಸಾಬೀತಾದರೆ ಎಷ್ಟು ಕಾಲದೊಳಗೆ ಹಣ ಹಿಂದಿರುಗಿಸುತ್ತಾರೆ ಎಂಬ ಷರತ್ತನ್ನು ಓದದೆ ನೋಂದಾಯಿಸಿಕೊಳ್ಳಬೇಡಿ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು: ಕಾಂಗರೂ ಚರ್ಮದ ವಸ್ತುಗಳ ಆಮದು, ಮಾರಾಟಕ್ಕೆ ಆ ರಾಜ್ಯದಲ್ಲಿ 2016ರಿಂದ ಮತ್ತೆ ನಿಷೇಧವಿದೆ. ಭಾರತಕ್ಕೆ ತರಿಸುವವರು ಹಣ ಕಟ್ಟುವ ಮೊದಲೇ ಕಸ್ಟಮ್ಸ್ ಏಜೆಂಟರನ್ನು ಕೇಳಿ, ಚರ್ಮ ಯಾವ ಪ್ರಾಣಿಯದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನೈಕಿ, ಪೂಮಾದಂಥ ಕಂಪನಿಗಳೂ ಕಾಂಗರೂ ಚರ್ಮವನ್ನು ಕೈಬಿಡುವುದಾಗಿ 2023ರಲ್ಲಿ ಘೋಷಿಸಿವೆ. ನಿಯಮಗಳು ಮುಂದೆಯೂ ಬದಲಾಗಬಹುದು.

ಮನೆಗೆ ಬಂದ ಮೇಲೆ

ಮೊಳೆಗೆ ನೇತುಹಾಕಬೇಡಿ, ಭಾರವೆಲ್ಲ ಒಂದೇ ತಿರುವಿನ ಮೇಲೆ ಬಿದ್ದು ಚರ್ಮ ಮಡಿಕೆಯಾಗುತ್ತದೆ. ಸಡಿಲವಾಗಿ ಸುರುಳಿ ಮಾಡಿ, ಆಮ್ಲರಹಿತ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಪ್ಲಾಸ್ಟಿಕ್ ಚೀಲ ಬೇಡ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ವಾರ ಸಾಕು. ಗಾಳಿಯ ತೇವಾಂಶ ಶೇ 50ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಬಳಸುವ ಚಾವಟಿಗೆ ಚರ್ಮದ ಮುಲಾಮನ್ನು ವರ್ಷಕ್ಕೊಮ್ಮೆ ತೀರಾ ತೆಳುವಾಗಿ ಸವರಿದರೆ ಸಾಕು, ಎಣ್ಣೆ ಸುರಿದರೆ ಹೆಣಿಗೆ ಮೆತ್ತಗಾಗಿ ಸಡಿಲಗೊಳ್ಳುತ್ತದೆ. ಸಿನಿಮಾದ್ದೋ ಚಾರಿತ್ರಿಕವೋ ಆದ ಚಾವಟಿಯನ್ನು ಮಾತ್ರ ಒರೆಸಲೂ ಹೋಗಬೇಡಿ. ಅದರ ಮೇಲಿನ ಕೊಳೆಯೂ ಪುರಾವೆಯೇ.

ಹೆಣೆದವರು ಬದುಕಿದ್ದರೆ ನಾಲ್ಕು ಸ್ಪಷ್ಟ ಚಿತ್ರಗಳೊಂದಿಗೆ ಅವರಿಗೊಂದು ಪತ್ರ ಬರೆಯಿರಿ. ಯಾವ ವರ್ಷ ಹೆಣೆದದ್ದು, ಒಳಗೆ ಎಷ್ಟು ಪದರ, ಯಾರಿಗಾಗಿ ಮಾಡಿದ್ದು ಎಂದು ಕೇಳಿ. ಉತ್ತರ ಬಂದರೆ ಬಿಲ್ಲಿನ ಜತೆಗೇ ಪೆಟ್ಟಿಗೆಯಲ್ಲಿಡಿ.