ಬೋನಸ್ ವಿಚಾರಣೆ ಸಂಸತ್ತಿನದು, ವಾಯಿದೆ ಮಾಜಿ ಸೈನಿಕರದು

ಅಮೆರಿಕದಲ್ಲಿ ಮಾಜಿ ಸೈನಿಕರ ಚಿಕಿತ್ಸೆ, ಪಿಂಚಣಿ ಹಾಗೂ ಸೇನಾ ಸೇವೆಯಿಂದ ಉಂಟಾದ ಕಾಯಿಲೆ, ಊನಗಳಿಗೆ ಸಲ್ಲುವ ಪರಿಹಾರಧನವನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆಯು ತನ್ನ ಖರ್ಚಿಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅನುಮೋದನೆಯನ್ನೇ ಅವಲಂಬಿಸಿದೆ. ಯಾವ ಬಾಬಿಗೆ ಎಷ್ಟು ಹಣವೆಂದು ನಿರ್ಧರಿಸುವ ವಿನಿಯೋಗ ಸಮಿತಿಗಳೂ, ಆ ಹಣ ಹೇಗೆ ಖರ್ಚಾಯಿತೆಂದು ಅಧಿಕಾರಿಗಳನ್ನು ಕರೆಸಿ ಕೇಳುವ ಮಾಜಿ ಸೈನಿಕರ ಸಮಿತಿಗಳೂ ಎರಡೂ ಸದನಗಳಲ್ಲಿವೆ. ಈ ವಿಚಾರಣೆಗಳ ಸುದ್ದಿಯನ್ನು ಓದಿದವರು ತಮ್ಮ ತಿರಸ್ಕೃತ ಅರ್ಜಿಯನ್ನೂ ಅದೇ ಸಮಿತಿ ಅಥವಾ ತಮ್ಮ ಕ್ಷೇತ್ರದ ಸದಸ್ಯರು ಸರಿಪಡಿಸುತ್ತಾರೆಂದು ನಂಬಿ ಕಾಯುತ್ತಾರೆ. ಅವರಿಗೆ ಅತಿ ಹೆಚ್ಚು ನಷ್ಟ ತರುವುದು ಈ ಕಾಯುವಿಕೆಯೇ.

ನಂಬಿಕೆಗೆ ಕಾರಣವಿಲ್ಲದಿಲ್ಲ. 2005ರಲ್ಲಿ ಇಲಾಖೆಯ ಅಂದಾಜು ತಪ್ಪಿ 100 ಕೋಟಿ ಡಾಲರಿಗೂ ಮಿಕ್ಕ ಕೊರತೆ ಬಿದ್ದಾಗ ಕಾಂಗ್ರೆಸ್ ಪೂರಕ ಅನುದಾನವನ್ನು, ಅಂದರೆ ವರ್ಷದ ನಡುವೆ ಹೆಚ್ಚುವರಿ ಹಣವನ್ನು, ಮಂಜೂರು ಮಾಡಬೇಕಾಯಿತು. ಅದರ ಬೆನ್ನಿಗೇ ಹಿರಿಯ ಅಧಿಕಾರಿಗಳಿಗೆ 38 ಲಕ್ಷ ಡಾಲರ್ ಬೋನಸ್ ಸಂದಿದ್ದು 2007ರಲ್ಲಿ ಬಯಲಾದಾಗ, ಪಡೆದವರಲ್ಲಿ ಆ ತಪ್ಪು ಬಜೆಟ್ಟನ್ನು ಸಿದ್ಧಪಡಿಸಿದವರೂ ಇದ್ದರೆಂಬುದು ನಾಚಿಕೆಗೇಡಿನ ಸಂಗತಿ. ಫೀನಿಕ್ಸ್ ನಗರದ ಆಸ್ಪತ್ರೆಯಲ್ಲಿ ರೋಗಿಗಳ ಕಾಯುವ ಪಟ್ಟಿಯನ್ನು ಮುಚ್ಚಿಟ್ಟ ಹಗರಣದ ನಂತರ 2014ರ ಕಾಯ್ದೆಯು ಇಡೀ ಇಲಾಖೆಯ ಬೋನಸ್ಸಿಗೆ ವರ್ಷಕ್ಕೆ 36 ಕೋಟಿ ಡಾಲರಿನ ಮಿತಿ ಹಾಕಿತು. ಆದರೂ, ಅಪರೂಪದ ಕೌಶಲವುಳ್ಳ ನೌಕರರನ್ನು ಉಳಿಸಿಕೊಳ್ಳಲೆಂದು 2022ರ ಪ್ಯಾಕ್ಟ್ ಕಾಯ್ದೆಯು ಅನುಮತಿಸಿದ್ದ, ಮೂಲವೇತನದ ಶೇ. 25ರವರೆಗಿನ ಪ್ರೋತ್ಸಾಹಧನವನ್ನು ಕೇಂದ್ರ ಕಚೇರಿಯ 182 ಹಿರಿಯ ಅಧಿಕಾರಿಗಳಿಗೆ ಹಂಚಲಾಯಿತು. ಈ 1 ಕೋಟಿ 8 ಲಕ್ಷ ಡಾಲರ್ ಅನುಚಿತ ಪಾವತಿಯೆಂದು ಇಲಾಖೆಯ ಸ್ವತಂತ್ರ ತನಿಖಾಧಿಕಾರಿಯಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2024ರ ಮೇ ತಿಂಗಳಲ್ಲಿ ವರದಿ ಮಾಡಿತು. ಅದೇ ವರ್ಷ ಪರಿಹಾರಧನವೇ ನಿಂತುಹೋದೀತೆಂದು ಇಲಾಖೆ ಎಚ್ಚರಿಸಿದ್ದರಿಂದ ಕಾಂಗ್ರೆಸ್ ಸೆಪ್ಟೆಂಬರಿನಲ್ಲಿ ಸುಮಾರು 288 ಕೋಟಿ ಡಾಲರ್ ಪೂರಕ ಹಣ ಕೊಟ್ಟಿತು. ಕೆಲವೇ ವಾರಗಳಲ್ಲಿ ಕೊರತೆಯೇ ಇರಲಿಲ್ಲವೆಂದೂ ಸುಮಾರು 500 ಕೋಟಿ ಡಾಲರ್ ಉಳಿದಿದೆಯೆಂದೂ ಇಲಾಖೆಯೇ ತಿಳಿಸಿತು. ತಿಂಗಳ ಹಣವನ್ನೇ ನಂಬಿದ ಕುಟುಂಬಗಳನ್ನು ಹೀಗೆ ಹೆದರಿಸಿದ್ದು ಅಕ್ಷಮ್ಯ.

ಇಂಥ ಖರ್ಚಿನ ಬಗ್ಗೆ ಮಾಹಿತಿ ಕೇಳಲು ಸಾಮಾನ್ಯ ನಾಗರಿಕರಿಗೂ ಹಕ್ಕಿದೆ. ಭಾರತದ ಮಾಹಿತಿ ಹಕ್ಕಿಗೆ ಸಮಾನವಾದ ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಲಿಖಿತ ಅರ್ಜಿ ಸಲ್ಲಿಸಿದರೆ 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ಆದರೆ ಇಲಾಖೆಯು ವಿಶೇಷ ಸಂದರ್ಭವೆಂದು ಹೇಳಿ ಅವಧಿಯನ್ನು ಹಿಗ್ಗಿಸಬಹುದು. ಅಧಿಕಾರಿಯ ಹೆಸರು, ಹುದ್ದೆ, ಸಂಬಳ, ಬೋನಸ್ ಮೊತ್ತ ಇವು ಸಾರ್ವಜನಿಕ ಮಾಹಿತಿಯಾಗಿದ್ದು, ಕಾರ್ಯಕ್ಷಮತೆಯ ಗೌಪ್ಯ ಮೌಲ್ಯಮಾಪನವನ್ನೂ ಸೇರಿಸಿ ಕೇಳಿದರೆ ಅದನ್ನೇ ನೆಪವಾಗಿಸಿ ಕಡತವನ್ನು ತಡೆಹಿಡಿಯಲು ದಾರಿಯಾಗುತ್ತದೆ. ಆದ್ದರಿಂದ ಮೊತ್ತವನ್ನಷ್ಟೇ, ನಿರ್ದಿಷ್ಟ ವರ್ಷವನ್ನು ನಮೂದಿಸಿ ಕೇಳುವುದು ಲೇಸು.

ಸ್ವಂತ ಕಡತ ಎಲ್ಲಿ ಸಿಕ್ಕಿಕೊಂಡಿದೆಯೆಂದು ತಿಳಿಯಲು ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೆ ಬರೆಯುವುದು ಸರಿಯಾದ ಮಾರ್ಗವೇ. ಆದರೆ ಖಾಸಗಿ ಮಾಹಿತಿಯನ್ನು ತೋರಿಸಲು ಒಪ್ಪಿಗೆ ಕೊಡುವ ಪತ್ರಕ್ಕೆ ಸಹಿ ಹಾಕದೆ ಆ ಕಚೇರಿ ಏನನ್ನೂ ಕೇಳಲಾರದು, ಸಹಿ ಹಾಕಿದರೂ ತೀರ್ಪನ್ನು ಬದಲಿಸಲಾರದು. ಅಷ್ಟಕ್ಕೇ ನಿಂತಿದ್ದರೆ ಹಾನಿಯಿರಲಿಲ್ಲ. ಆದರೆ ಸದಸ್ಯರಿಗೆ ಬರೆದ ಪತ್ರವು ಮೇಲ್ಮನವಿಯಲ್ಲ, ಅದರಿಂದ ಮೇಲ್ಮನವಿಯ ವಾಯಿದೆ ಒಂದು ದಿನವೂ ನಿಲ್ಲುವುದಿಲ್ಲ. 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಪದ್ಧತಿಯಂತೆ, ತಿರಸ್ಕಾರ ಪತ್ರದ ಮೇಲಿನ ದಿನಾಂಕದಿಂದ 1 ವರ್ಷದೊಳಗೆ ಮೂರರಲ್ಲಿ ಒಂದು ದಾರಿಯನ್ನು ಹಿಡಿಯಬೇಕು: ಹೊಸ ಸಾಕ್ಷ್ಯದೊಡನೆ 20-0995 ನಮೂನೆಯ ಪೂರಕ ಅರ್ಜಿ, ಹಿರಿಯ ಪರಿಶೀಲಕರಿಂದ ಮರುಪರಿಶೀಲನೆ ಕೋರುವ 20-0996, ಮೇಲ್ಮನವಿ ಮಂಡಳಿಗೆ ಹೋಗುವ 10182. ಎರಡನೆಯದರಲ್ಲಿ ಹೊಸ ಸಾಕ್ಷ್ಯಕ್ಕೆ ಅವಕಾಶವಿಲ್ಲವೆಂಬುದನ್ನು ತಿಳಿಯದೆ ಅದನ್ನೇ ಆರಿಸಿ ವೈದ್ಯರ ವರದಿಯನ್ನು ವ್ಯರ್ಥ ಮಾಡಿಕೊಳ್ಳುವವರಿದ್ದಾರೆ. ವರ್ಷ ಕಳೆದ ಮೇಲೆ ಪೂರಕ ಅರ್ಜಿಗೆ ಬಾಗಿಲು ತೆರೆದೇ ಇರುತ್ತದೆಂಬ ಮಾತು ನಿಜ, ಆದರೆ ಸಾಮಾನ್ಯವಾಗಿ ಬಾಕಿ ಹಣವನ್ನು ಮೊದಲ ಅರ್ಜಿಯ ದಿನದಿಂದಲ್ಲ, ಹೊಸ ಅರ್ಜಿಯ ದಿನದಿಂದ ಲೆಕ್ಕ ಹಾಕುತ್ತಾರೆ. ಹಲವು ವರ್ಷಗಳ ಬಾಕಿ ಹೀಗೆ ಕೈತಪ್ಪುತ್ತದೆ. ಸದಸ್ಯರ ಕಚೇರಿಯಿಂದ ಬರುವ, ವಿಷಯ ಪರಿಶೀಲನೆಯಲ್ಲಿದೆ ಎಂಬ ಸೌಜನ್ಯದ ಉತ್ತರದಲ್ಲಿ ಈ ಎಚ್ಚರಿಕೆಯ ಒಂದು ಸಾಲನ್ನಾದರೂ ತಪ್ಪದೆ ಸೇರಿಸುವಂತಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಗಾಬರಿಯಾದವರ ಬಾಗಿಲಿಗೆ ದಲ್ಲಾಳಿಗಳು ಬರುತ್ತಾರೆ. ಮೊದಲ ಅರ್ಜಿಯನ್ನು ಸಿದ್ಧಪಡಿಸಲು ಯಾರೂ, ಇಲಾಖೆಯ ಮಾನ್ಯತೆ ಪಡೆದ ವಕೀಲರೂ ಸಹ, ಶುಲ್ಕ ಪಡೆಯುವಂತಿಲ್ಲ. ಮಾನ್ಯತೆಯಿರುವ ಮಾಜಿ ಸೈನಿಕರ ಸೇವಾ ಸಂಘಗಳು ಉಚಿತವಾಗಿ ನೆರವಾಗುತ್ತವೆ. ಹೀಗಿದ್ದೂ 2006ರಲ್ಲಿ ಈ ನಿಷೇಧದ ಹಿಂದಿದ್ದ ಕ್ರಿಮಿನಲ್ ಶಿಕ್ಷೆಯನ್ನು ಕಾಂಗ್ರೆಸ್ಸೇ ತೆಗೆದುಹಾಕಿದ್ದರಿಂದ, ಮಾನ್ಯತೆಯಿಲ್ಲದ ಕಂಪನಿಗಳು ಹೆಚ್ಚಿದ ಪರಿಹಾರದ ಹಲವು ತಿಂಗಳ ಮೊತ್ತವನ್ನು ಒಪ್ಪಂದ ಬರೆಸಿಕೊಂಡು ವಸೂಲಿ ಮಾಡುತ್ತಿವೆ.

ಅಮೆರಿಕದ ಸೇನೆಯಲ್ಲಿ ದುಡಿದು ಬೆಂಗಳೂರಿಗೋ ಮಂಗಳೂರಿಗೋ ಮರಳಿ ನೆಲೆಸಿದವರಿಗೂ ಪರಿಹಾರಧನದ ಹಕ್ಕು ಉಳಿದಿರುತ್ತದೆ, ವಾಯಿದೆಯೂ ಅಷ್ಟೇ. ಅಂಚೆ ಎಷ್ಟೇ ತಡವಾಗಿ ತಲುಪಿದರೂ ಎಣಿಕೆ ಪತ್ರದ ಮೇಲಿನ ದಿನಾಂಕದಿಂದಲೇ ಆರಂಭವಾಗುವುದರಿಂದ, ಲಕೋಟೆ ಬಂದ ದಿನವೇ ಆ ದಿನಾಂಕವನ್ನು ಗುರುತು ಹಾಕಿಕೊಂಡು, ನಮೂನೆ ಸಲ್ಲಿಸಿದ ಸ್ವೀಕೃತಿಯನ್ನು ಪಡೆದ ನಂತರವೇ ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆಯಬೇಕು.