ಬೇಸಿಗೆಯಲ್ಲಿ ಹಸು ಗಬ್ಬ ನಿಲ್ಲಬೇಕೆ? ಇಂಜೆಕ್ಷನ್ ನಂತರದ ವಾರ ತಂಪಾಗಿಡಿ

ಯಲಹಂಕದಾಚೆಯ ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರಿನ ಕೊಟ್ಟಿಗೆಗಳಲ್ಲಿ ಏಪ್ರಿಲ್ ಬಂತೆಂದರೆ ಒಂದೇ ದೂರು: ಎರಡು ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದರೂ ಹಸು ಗಬ್ಬ ನಿಲ್ಲಲಿಲ್ಲ. ತಪ್ಪೆಲ್ಲ ವೀರ್ಯದ ಕಡ್ಡಿಯ ಮೇಲೆ, ಇಲ್ಲವೇ ಹಾಕಿದವರ ಮೇಲೆ. ಆದರೆ ಎಷ್ಟೋ ಸಲ ಭ್ರೂಣ ಕಟ್ಟಿರುತ್ತದೆ, ಝಳ ತಾಳದೆ ಮೊದಲ ವಾರದಲ್ಲೇ ಸಾಯುತ್ತದೆ. ಹಸು ಎಂದಿನಂತೆ 21ನೇ ದಿನದ ಆಸುಪಾಸು ಬೆದೆಗೆ ಬರುವುದರಿಂದ ಅದು ಯಾರಿಗೂ ಗೊತ್ತಾಗುವುದಿಲ್ಲ.

2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲಿತ್ತು. ಹಸುವಿನ ಮೈಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಅಂಥ ದಿನ ಮೈಯ ಶಾಖ ಗಾಳಿಗೆ ಹೋಗುವುದೇ ಇಲ್ಲ. ಬೆವರು, ಏದುಸಿರು ಎರಡೇ ದಾರಿ. ಹೆಚ್ಚು ಹಾಲಿನ ಎಚ್‌ಎಫ್ ಮಿಶ್ರತಳಿಗೆ ಒಳಗಿನ ಶಾಖವೂ ಜಾಸ್ತಿ. ಗರ್ಭಕೋಶದ ಬಿಸಿ ಅರ್ಧ ಡಿಗ್ರಿ ಏರಿದರೂ ಗಬ್ಬ ನಿಲ್ಲುವುದು ಕಷ್ಟ. ಫ್ಲಾರಿಡಾ ವಿಶ್ವವಿದ್ಯಾಲಯದ 1993ರ ಪ್ರಯೋಗದಲ್ಲಿ, ಗರ್ಭಧಾರಣೆಯ ಮರುದಿನ ಬಿಸಿಗೆ ಸಿಕ್ಕ ಹಸುಗಳ ಭ್ರೂಣ ಸೊರಗಿತು. ಮೂರನೇ ದಿನ ಅಥವಾ ಆಮೇಲೆ ಸಿಕ್ಕವು ತಾಳಿಕೊಂಡವು.

ಮೊದಲು ಬೆದೆ ಗುರುತಿಸಿ. ಬೇಸಿಗೆಯಲ್ಲಿ ಅದು ಅಲ್ಪಕಾಲದ್ದು, ಹೆಚ್ಚಾಗಿ ರಾತ್ರಿಯದು. ಕೂಗಲಿ ಎಂದು ಕಾಯಬೇಡಿ. ನಸುಕಿನಲ್ಲೂ ರಾತ್ರಿ ಮಲಗುವ ಮುನ್ನವೂ ಬಾಲದ ಬುಡದ ಲೋಳೆ ನೋಡಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್. ಅದಕ್ಕೆಂದು ನಡುಹಗಲು ಟಾರು ರಸ್ತೆಯಲ್ಲಿ ಹಸುವನ್ನು ನಡೆಸಿಕೊಂಡು ಹೋಗಲೇಬೇಡಿ.

ಇನ್ನು ತಂಪು ಮಾಡುವ ವಿಷಯ. ಹೆಚ್ಚಿನವರು ಎಡವುವುದು ನೀರಿನಲ್ಲಿ. ಮೂರು ಕಡೆ ಗೋಡೆ, ತಲೆಗೆ ತಾಗುವಂಥ ಶೀಟು, ಗಾಳಿಯಿಲ್ಲ. ಅದರೊಳಗೆ ಪೈಪು ಹಿಡಿದು ನೀರು ಬಿಟ್ಟರೆ ಕೊಟ್ಟಿಗೆ ಇಡ್ಲಿ ಪಾತ್ರೆಯಾಗುತ್ತದೆ. ನೀರು ತಂಪು ಮಾಡುವುದು ಆರುವಾಗ, ಆರಲು ಗಾಳಿ ಬೇಕು. ತುಂತುರು ಕೂದಲ ಮೇಲಷ್ಟೇ ಕೂತರೆ ಪ್ರಯೋಜನವಿಲ್ಲ, ಚರ್ಮದವರೆಗೆ ತೋಯಬೇಕು. ಆಮೇಲೆ ಫ್ಯಾನ್ ಹಾಕಿ, ಮೈ ಆರಿದ ಮೇಲೆ ಮತ್ತೆ ತೋಯಿಸಿ. ಹನ್ನೊಂದರಿಂದ ನಾಲ್ಕರವರೆಗೆ ಹೀಗೆ ನಾಲ್ಕೈದು ಸಲ. ಫ್ಯಾನ್ ಇಲ್ಲದವರು ಹಸುವನ್ನು ಬೇವಿನ ನೆರಳಿಗೆ ಕಟ್ಟಿ ತೋಯಿಸಲಿ, ಮುಚ್ಚಿದ ಕೊಟ್ಟಿಗೆಗಿಂತ ಅದೇ ಎಷ್ಟೋ ಮೇಲು. ಸಾಕಾಯಿತೇ ಎಂದು ಊಹಿಸಬೇಡಿ: ಮಧ್ಯಾಹ್ನ ಮೂರಕ್ಕೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 39.2 ದಾಟಿದ್ದರೆ, ಇಲ್ಲವೇ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ತಂಪು ಸಾಲದು.

ಅಂಡಾಣುವೂ ಬಿಸಿಗೆ ಕೆಡುವುದರಿಂದ ಈ ಆರೈಕೆ ಬೇಸಿಗೆಯಿಡೀ ಇದ್ದರೆ ಒಳ್ಳೆಯದು. ಆಗದಿದ್ದರೆ ಬೆದೆಗೆ ಮುಂಚಿನಿಂದ ಇಂಜೆಕ್ಷನ್ ನಂತರದ ಒಂದು ವಾರದವರೆಗಾದರೂ ತಪ್ಪಿಸಬೇಡಿ.

ಶೀಟಿಗೆ ಸುಣ್ಣ, ಬಾಯಿಗೆ ಸದಾ ನೀರು, ಮೇವು ಹೆಚ್ಚಾಗಿ ರಾತ್ರಿ. ಇಂಜೆಕ್ಷನ್ ಆಗಿ 25 ದಿನ ದಾಟಿದ ಮೇಲೆ ಬೆದೆ ತಡವಾಗಿ ಬಂದರೆ ತಾರೀಖು ಬರೆದಿಟ್ಟು ವೈದ್ಯರಿಗೆ ತಿಳಿಸಿ. ಬಾರದಿದ್ದರೆ 60 ದಿನಕ್ಕೆ ಗಬ್ಬ ಪರೀಕ್ಷೆ. ಮೂರು ಸಲ ತಿರುಗಿ ಬಂದ ಹಸುವಿಗೆ ನಾಲ್ಕನೇ ಕಡ್ಡಿಗೆ ಮೊದಲು ಗರ್ಭಕೋಶ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವೇ ಇದೆ.