ಡ್ರಾಯರ್ ತುಂಬ ಕಾರ್ಡು, ಖಾತೆಯಲ್ಲಿ ಮೈಲ್ಸ್ ಇಲ್ಲ

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಗಣಿತ ಮೇಷ್ಟ್ರು. ಮಗಳು, ಅಳಿಯ ಅಮೆರಿಕದ ಡಾಲಸ್ ಹತ್ತಿರ ಇದ್ದಾರೆ. ಒಂದೆರಡು ವರ್ಷಕ್ಕೊಮ್ಮೆ ನಾನೂ ನನ್ನ ಶ್ರೀಮತಿಯೂ ಹೋಗಿ ನಾಲ್ಕೈದು ತಿಂಗಳು ಇದ್ದು ಬರುತ್ತೇವೆ. ಯಾವುದು ಅಗ್ಗವೋ ಆ ವಿಮಾನ ಹತ್ತುವುದು ನಮ್ಮ ಪದ್ಧತಿ. ಒಮ್ಮೆ ದುಬೈ ಮೇಲೆ, ಒಮ್ಮೆ ಫ್ರಾಂಕ್‌ಫರ್ಟ್ ಮೇಲೆ, ಹೋದ ಸಲ ದೋಹಾ ಮೇಲೆ. ಪ್ರತಿ ಸಲವೂ ನಾನು ಆಯಾ ಕಂಪನಿಯ ಫ್ರೀಕ್ವೆಂಟ್ ಫ್ಲೈಯರ್ ಸದಸ್ಯನಾದೆ. ಮೊನ್ನೆ ಕೂತು ನೋಡಿದರೆ ಒಂದು ಖಾತೆಯಲ್ಲಿ ಮೈಲ್ಸೆಲ್ಲ ಅವಧಿ ಮೀರಿ ಹೋಗಿವೆ, ಇನ್ನೊಂದರಲ್ಲಿ ಸ್ವಲ್ಪ ಉಳಿದಿವೆ, ಮತ್ತೊಂದಕ್ಕೆ ಪಾಸ್‌ವರ್ಡೇ ನೆನಪಿಲ್ಲ. ಭಾವಮೈದ ‘ಒಂದೇ ಕಂಪನಿ ಹಿಡಿ, ನಾಲ್ಕು ಕಾಸು ಜಾಸ್ತಿ ಆದರೂ ಚಿಂತೆಯಿಲ್ಲ, ಮುಂದೆ ಫ್ರೀ ಟಿಕೆಟ್ ಸಿಗುತ್ತೆ’ ಅನ್ನುತ್ತಾನೆ. ಅಳಿಯಂದಿರು ಕ್ರೆಡಿಟ್ ಕಾರ್ಡ್ ಮಾಡಿಸಿ ಅನ್ನುತ್ತಾರೆ. ಶ್ರೀಮತಿಗೆ ಇದೆಲ್ಲ ತಲೆನೋವು. ಇಷ್ಟು ವರ್ಷ ದುಡ್ಡು ಕಳೆದುಕೊಂಡೆನೇ ಅನ್ನುವ ಕೊರಗು ನನ್ನದು. ನಮ್ಮಂಥವರು ಯಾವ ಕಂಪನಿಯ ಸದಸ್ಯರಾಗಬೇಕು?

ಉತ್ತರ: ಮೇಷ್ಟ್ರೇ, ಕೊರಗನ್ನು ಮೊದಲು ಇಳಿಸೋಣ. ನೀವು ಕಳೆದುಕೊಂಡದ್ದು ಅಷ್ಟೇನೂ ದೊಡ್ಡದಲ್ಲ. ಅಗ್ಗದ ಟಿಕೆಟ್ ಹುಡುಕಿ ಉಳಿಸಿದ್ದರ ಮುಂದೆ ಅದು ಚಿಲ್ಲರೆ. ನಂಬಿಕೆ ಬರದಿದ್ದರೆ ಲೆಕ್ಕ ಹಾಕಿಬಿಡೋಣ, ಅದು ನಿಮ್ಮ ಕಸುಬೇ.

ಉದಾಹರಣೆಗೆ, ಬ್ರಿಟಿಷ್ ಏರ್‌ವೇಸ್ ತನ್ನ ಸಾಮಾನ್ಯ ಸದಸ್ಯರಿಗೆ ಖರ್ಚಿನ ಮೇಲೆ ಏವಿಯೋಸ್ ಎಂಬ ಪಾಯಿಂಟ್ ಕೊಡುತ್ತದೆ. 2023ರ ಅಕ್ಟೋಬರ್‌ನಿಂದ ಪೌಂಡಿಗೆ 6 ಏವಿಯೋಸ್. ಸರ್ಕಾರದ ತೆರಿಗೆ, ಏರ್‌ಪೋರ್ಟ್ ಶುಲ್ಕ ಬಿಟ್ಟು ಟಿಕೆಟ್ಟಿನ ಬೆಲೆ 600 ಪೌಂಡ್ ಆಯಿತು ಅನ್ನಿ, ನಿಮಗೆ 3,600 ಏವಿಯೋಸ್. ಬಳಸುವಾಗ ಒಂದು ಏವಿಯೋಸ್‌ಗೆ ಒಂದು ಪೆನ್ನಿಯ ಆಸುಪಾಸು ಬೆಲೆ ಗಿಟ್ಟಿದರೆ ಅದು ಒಳ್ಳೆಯ ವ್ಯಾಪಾರ. ಅಲ್ಲಿಗೆ 36 ಪೌಂಡ್. ಪೌಂಡಿಗೆ ₹115ರಂತೆ ಹಿಡಿದರೆ ನಾಲ್ಕು ಸಾವಿರದ ಚಿಲ್ಲರೆ. ಅದೂ ಕೈಗೆ ಸಿಗುವ ನಗದಲ್ಲ, ಮುಂದೆಂದೋ ಅವರದೇ ಸೀಟು ಖಾಲಿ ಇದ್ದರೆ ಉಪಯೋಗಕ್ಕೆ ಬರುವಂಥದ್ದು. ಈಗ ನಿಮ್ಮ ಭಾವಮೈದನವರ ಮಾತು ಕೇಳಿ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಸಾವಿರ ಹೆಚ್ಚು ಕೊಟ್ಟು ಟಿಕೆಟ್ ತೆಗೆದರೆ, ಕೂಪನ್ ಸಿಗುತ್ತದೆಂದು ಬೇಡದ ಸೀರೆ ಕೊಂಡಂತೆ. ವಾರಕ್ಕೊಮ್ಮೆ ಹಾರುವ, ಟಿಕೆಟ್ ದುಡ್ಡನ್ನು ಆಫೀಸೇ ಕೊಡುವ ಮಂದಿಗೆ ಆ ಸಲಹೆ ಸರಿ. ಅವರಿಗೆ ಸಿಲ್ವರ್, ಗೋಲ್ಡ್ ಅಂತ ದರ್ಜೆ ಏರುತ್ತದೆ, ಲೌಂಜ್ ಸಿಗುತ್ತದೆ, ಲಗೇಜಿನ ಮಿತಿ ಹೆಚ್ಚುತ್ತದೆ. ಎರಡು ವರ್ಷಕ್ಕೊಮ್ಮೆ ಎಕಾನಮಿಯಲ್ಲಿ ಹೋಗಿ ಬರುವವರು ಆ ಏಣಿಯ ಮೊದಲ ಮೆಟ್ಟಿಲನ್ನೂ ಮುಟ್ಟುವುದಿಲ್ಲ. ಅದರ ಆಸೆ ಬಿಟ್ಟುಬಿಡಿ.

ಹಾಗಂತ ಸದಸ್ಯತ್ವವೇ ಬೇಡ ಅಂತಲ್ಲ. ಪುಕ್ಕಟೆ ಬರುವುದನ್ನು ಏಕೆ ಬಿಡಬೇಕು? ಆದರೆ ಆರಿಸುವಾಗ ‘ಯಾರು ಹೆಚ್ಚು ಕೊಡುತ್ತಾರೆ’ ಎಂದು ನೋಡಬೇಡಿ. ನಾನು ಮುಂದಿನ ಸಲ ಹೊರಡುವ ಹೊತ್ತಿಗೆ ಇವು ಬದುಕಿರುತ್ತವೆಯೇ ಎಂದು ನೋಡಿ. ನಿಮ್ಮಂತೆ ಅಪರೂಪಕ್ಕೆ ದೂರ ಹೋಗುವವರಿಗೆ ಇದೇ ಮುಖ್ಯ ಪ್ರಶ್ನೆ.

ಇದರಲ್ಲಿ ಒಂದೊಂದು ಕಂಪನಿಯದು ಒಂದೊಂದು ರೀತಿ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷದ ಆಯುಷ್ಯ. ನಡುವೆ ನೀವು ಎಷ್ಟು ಸಲ ಹಾರಿದರೂ ಹಳೆಯ ಮೈಲ್ಸ್ ಉಳಿಯುವುದಿಲ್ಲ. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್‌ನಲ್ಲೂ ದರ್ಜೆಯಿಲ್ಲದ ಸದಸ್ಯರಿಗೆ 36 ತಿಂಗಳು. ಏವಿಯೋಸ್ ಸ್ವಲ್ಪ ಉದಾರಿ: 36 ತಿಂಗಳಲ್ಲಿ ಒಮ್ಮೆ ಏನಾದರೂ ಗಳಿಸಿದರೆ ಅಥವಾ ಖರ್ಚು ಮಾಡಿದರೆ ಇಡೀ ಗಂಟಿನ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಮೆರಿಕನ್ ಏರ್‌ಲೈನ್ಸ್‌ನದೂ ಇದೇ ಕ್ರಮ, ಆದರೆ 24 ತಿಂಗಳು. ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳ ಮೈಲ್ಸ್‌ಗೆ ಅವಧಿಯೇ ಇಲ್ಲ.

ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಲೆಕ್ಕ ತಮಾಷೆಯದು. ಗಳಿಸಿದ ಮೇಲೆ ಮೂರನೆಯ ವರ್ಷದಲ್ಲಿ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಮೈಲ್ಸ್ ಹೋಗುತ್ತವೆ. ಹುಟ್ಟಿದ ತಿಂಗಳು ಎಂದರೆ ದಾಖಲೆಯಲ್ಲಿರುವ ತಿಂಗಳು. ನಿಮ್ಮ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದ ಜೂನ್ ತಿಂಗಳೇ ಹುಟ್ಟಿದ ತಿಂಗಳು. ಮನೆಯಲ್ಲಿ ಕಾರ್ತೀಕದಲ್ಲಿ ಪಾಯಸ ಮಾಡಿದರೂ ಎಮಿರೇಟ್ಸ್ ಪಾಸ್‌ಪೋರ್ಟನ್ನೇ ನಂಬುತ್ತದೆ.

ಇನ್ನು ಹೆಚ್ಚಿನವರಿಗೆ ತಿಳಿಯದ ಸಂಗತಿ. ನೀವು ಹತ್ತುವ ವಿಮಾನ ಒಂದು ಕಂಪನಿಯದು, ಮೈಲ್ಸ್ ಬೀಳುವ ಖಾತೆ ಇನ್ನೊಂದು ಕಂಪನಿಯದು ಆಗಿರಬಹುದು. ವಿಮಾನ ಕಂಪನಿಗಳಲ್ಲಿ ಮೂರು ದೊಡ್ಡ ಕೂಟಗಳಿವೆ. 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್‌ನಲ್ಲಿ ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ್, ಟರ್ಕಿಶ್ ಇವೆ. 2014ರಿಂದ ನಮ್ಮ ಏರ್ ಇಂಡಿಯಾ ಕೂಡ ಇದೆ. ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಕತಾರ್, ಅಮೆರಿಕನ್. ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, ವರ್ಜಿನ್ ಅಟ್ಲಾಂಟಿಕ್. ಒಂದು ಕೂಟದ ಯಾವ ವಿಮಾನದಲ್ಲಿ ಹೋದರೂ ಅದೇ ಕೂಟದ ನಿಮ್ಮ ಆಯ್ಕೆಯ ಒಂದು ಖಾತೆಗೆ ಮೈಲ್ಸ್ ಹಾಕಿಸಬಹುದು. ಎಮಿರೇಟ್ಸ್ ಮತ್ತು ಎತಿಹಾದ್ ಈ ಮೂರೂ ಕೂಟಗಳಿಂದ ಹೊರಗೆ.

ಈಗ ನಿಮ್ಮ ಫ್ರಾಂಕ್‌ಫರ್ಟ್ ಪ್ರಯಾಣ ನೋಡಿ. ಲುಫ್ತಾನ್ಸಾ ಹತ್ತಿದಿರಿ, ಲುಫ್ತಾನ್ಸಾದವರದೇ ಸದಸ್ಯರಾದಿರಿ, ಮೂರು ವರ್ಷ ಮುಟ್ಟಲಿಲ್ಲ, ಎಲ್ಲ ಹೋಯಿತು. ಅದೇ ವಿಮಾನ ಹತ್ತಿ ಯುನೈಟೆಡ್‌ನ ಮೈಲೇಜ್‌ಪ್ಲಸ್ ನಂಬರ್ ಕೊಟ್ಟಿದ್ದರೆ ಬಂದಷ್ಟು ಮೈಲ್ಸ್ ಇವತ್ತಿಗೂ ಇರುತ್ತಿದ್ದವು. ಅದಕ್ಕೆ ಜೀವನದಲ್ಲಿ ಒಮ್ಮೆಯೂ ಯುನೈಟೆಡ್ ವಿಮಾನ ಹತ್ತಬೇಕಾಗಿಲ್ಲ.

ಎಷ್ಟು ಬರುತ್ತಿತ್ತು ಅನ್ನುವುದು ಬೇರೆ ಮಾತು. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 4,600 ಮೈಲಿ, ಅಲ್ಲಿಂದ ಡಾಲಸ್‌ಗೆ 5,100. ಹೋಗಿ ಬರಲು 19,400. ಇಷ್ಟೂ ಸಿಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಇ-ಟಿಕೆಟ್ ತೆಗೆದು ನೋಡಿ, ವಿಮಾನದ ನಂಬರಿನ ಪಕ್ಕದಲ್ಲಿ ‘ಕ್ಲಾಸ್’ ಎಂದು ಬರೆದು ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಎಲ್ಲರೂ ಕೂರುವುದು ಎಕಾನಮಿಯಲ್ಲೇ, ಊಟವೂ ಒಂದೇ. ಆದರೆ ಎಷ್ಟು ದುಡ್ಡಿಗೆ ಟಿಕೆಟ್ ಸಿಕ್ಕಿತೋ ಅದರಂತೆ ಆ ಅಕ್ಷರ ಬದಲಾಗುತ್ತದೆ. ಅಗ್ಗದ ಅಕ್ಷರಗಳಿಗೆ ದೂರದ ಕಾಲುಭಾಗ ಕೊಡುವುದು ಮಾಮೂಲು, ಕೆಲವಕ್ಕೆ ಸೊನ್ನೆ. ಕಾಲುಭಾಗವೆಂದರೆ 4,850. ಯಾವ ಅಕ್ಷರಕ್ಕೆ ಎಷ್ಟು ಎಂಬ ಪಟ್ಟಿ ಆಯಾ ಕಂಪನಿಯ ವೆಬ್‌ಸೈಟಿನಲ್ಲಿ, ‘ಪಾರ್ಟ್‌ನರ್’ ಅನ್ನುವ ಪುಟದಲ್ಲಿ ಇರುತ್ತದೆ. ಟಿಕೆಟ್ ಕೊಂಡ ಮೇಲೆ ಅದನ್ನು ನೋಡಿ, ಯಾವ ಖಾತೆಗೆ ಹಾಕಿದರೆ ಲಾಭ ಎಂದು ನಿರ್ಧರಿಸಿ. ಕೊಳ್ಳುವ ಮೊದಲು ನೋಡಿದರೆ ಮತ್ತೆ ಮನಸ್ಸು ದುಬಾರಿ ಟಿಕೆಟ್ ಕಡೆ ಎಳೆಯುತ್ತದೆ.

ನಿಮ್ಮ ವಿಷಯಕ್ಕೆ ನನ್ನ ತೀರ್ಮಾನ ಹೀಗಿದೆ. ಮಗಳ ಊರು ಡಾಲಸ್ ಆಗಿರುವುದು ನಿಮ್ಮ ಅದೃಷ್ಟ. ಅದು ಅಮೆರಿಕನ್ ಏರ್‌ಲೈನ್ಸ್‌ನ ತವರು. ದೋಹಾದಿಂದ ಕತಾರ್, ಲಂಡನ್ನಿಂದ ಬ್ರಿಟಿಷ್ ಏರ್‌ವೇಸ್ ಎರಡೂ ಅಲ್ಲಿಗೆ ನೇರ ಹಾರುತ್ತವೆ. ಕತಾರ್ 2022ರಿಂದ ಏವಿಯೋಸನ್ನೇ ತನ್ನ ಪಾಯಿಂಟ್ ಮಾಡಿಕೊಂಡಿದೆ, ಹಾಗಾಗಿ ಈ ಎರಡು ಖಾತೆಗಳ ನಡುವೆ ಪಾಯಿಂಟನ್ನು ಆಚೀಚೆ ಸಾಗಿಸಬಹುದು. ಹೋದ ಸಲದ ಕತಾರ್ ಖಾತೆ ಹೇಗೂ ಇದೆ, ಅದನ್ನೇ ಮುಖ್ಯ ಮಾಡಿಕೊಳ್ಳಿ. ಪಾಸ್‌ವರ್ಡ್ ಮರೆತದ್ದು ಅದೇ ಆದರೆ ಇವತ್ತೇ ಸರಿಮಾಡಿಸಿ. ಜೊತೆಗೆ ಯುನೈಟೆಡ್‌ನದು ಒಂದು ಖಾತೆ ತೆರೆದಿಡಿ, ಲುಫ್ತಾನ್ಸಾ ಅಥವಾ ಏರ್ ಇಂಡಿಯಾದಲ್ಲಿ ಹೋಗುವ ಸಂದರ್ಭ ಬಂದರೆ ಇರಲಿ. ಎರಡು ಸಾಕು. ಮಿಕ್ಕ ಕಾರ್ಡುಗಳನ್ನು ಡ್ರಾಯರಿನಿಂದ ತೆಗೆಯಿರಿ.

ಅವಧಿ ಇಲ್ಲದ ಮೈಲ್ಸ್ ಎಂದ ಕೂಡಲೇ ಅದನ್ನು ಠೇವಣಿ ಅಂದುಕೊಳ್ಳಬೇಡಿ. ಬಡ್ಡಿಯಂತೂ ಇಲ್ಲ, ಬೆಲೆಯೂ ಇಳಿಯುತ್ತಾ ಹೋಗುತ್ತದೆ. ಯುನೈಟೆಡ್ ಅವಧಿಯನ್ನು ತೆಗೆದುಹಾಕಿದ್ದು 2019ರಲ್ಲಿ. ಎಲ್ಲಿಂದ ಎಲ್ಲಿಗೆ ಎಷ್ಟು ಮೈಲ್ಸ್ ಬೇಕು ಎಂಬ ನಿಗದಿತ ಪಟ್ಟಿಯನ್ನು ಎತ್ತಿಹಾಕಿದ್ದೂ ಅದೇ ವರ್ಷ! ಕಂಪನಿಯೇ ಮುಳುಗಿದರೆ ಇನ್ನೂ ಕಷ್ಟ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಶರ್ 2012ರ ಶುರುವಿನಲ್ಲಿ ಒನ್‌ವರ್ಲ್ಡ್ ಸೇರುವ ಹೊಸ್ತಿಲಲ್ಲಿತ್ತು, ಅಕ್ಟೋಬರ್ ಹೊತ್ತಿಗೆ ಹಾರಾಟವೇ ನಿಂತಿತು. ಅದರ ಕಿಂಗ್ ಕ್ಲಬ್ ಮೈಲ್ಸ್ ಕೂಡಿಟ್ಟವರಿಗೆ ಉಳಿದದ್ದು ಕಾರ್ಡು ಮಾತ್ರ. ಹಾಗಾಗಿ ಒಂದು ಸಣ್ಣ ಉಪಯೋಗಕ್ಕೆ ಆಗುವಷ್ಟು ಸೇರಿದ ಕೂಡಲೇ ಬಳಸಿಬಿಡಿ. ಅವರ ಆನ್‌ಲೈನ್ ಅಂಗಡಿಯ ಮಿಕ್ಸರ್, ಸೂಟ್‌ಕೇಸ್‌ಗಳಿಗೆ ಮಾತ್ರ ಬೇಡ, ಅಲ್ಲಿ ಮೈಲ್ಸ್‌ಗೆ ಬೆಲೆ ತೀರಾ ಕಡಿಮೆ. ಟಿಕೆಟ್ಟಿಗೆ ಬಳಸಿ. ಫ್ರೀ ಟಿಕೆಟ್ ಎಂದರೂ ತೆರಿಗೆ ಮತ್ತು ಸರ್‌ಚಾರ್ಜ್ ಕೈಯಿಂದ ಕೊಡಬೇಕು. ಲಂಡನ್ ಮೇಲೆ ಹೋಗುವ ಬ್ರಿಟಿಷ್ ಏರ್‌ವೇಸ್ ಟಿಕೆಟ್‌ಗಳಲ್ಲಿ ಆ ಸರ್‌ಚಾರ್ಜ್ ಕಣ್ಣು ಬಿಡಿಸುವಷ್ಟಿರುತ್ತದೆ.

ಅಳಿಯಂದಿರ ಮಾತಿಗೆ ಬರುತ್ತೇನೆ. ಕಾರ್ಡಿನ ವಿಚಾರದಲ್ಲಿ ಅವರು ಹೇಳುವುದು ಸರಿ, ಆದರೆ ಕಾರ್ಡ್ ಮಾಡಿಸಬೇಕಾದವರು ನೀವಲ್ಲ, ಅವರು. ಅಮೆರಿಕದ ಬ್ಯಾಂಕುಗಳು ಹೊಸ ಕಾರ್ಡಿಗೆ ಕೊಡುವ ಬೋನಸ್ ಮೈಲ್ಸ್‌ನಷ್ಟು ನೀವು ಹತ್ತು ವರ್ಷ ಹಾರಿದರೂ ಸೇರುವುದಿಲ್ಲ. ಮಗಳ ಖಾತೆಯಲ್ಲಿರುವ ಅಮೆರಿಕನ್ ಏರ್‌ಲೈನ್ಸ್ ಮೈಲ್ಸ್‌ನಿಂದ ಬೆಂಗಳೂರಿಂದ ದೋಹಾ ಮೇಲೆ ಬರುವ ಕತಾರ್ ಟಿಕೆಟನ್ನು ಅಪ್ಪ ಅಮ್ಮನ ಹೆಸರಿಗೆ ತೆಗೆಯಬಹುದು. ಮೈಲ್ಸ್ ಯಾರದ್ದೋ, ಪ್ರಯಾಣ ಇನ್ಯಾರದ್ದೋ ಆಗಲು ಅಡ್ಡಿಯಿಲ್ಲ. ಸೀಟು ಸಿಗಬೇಕಾದರೆ ಬಹಳ ಮೊದಲೇ ಹುಡುಕಬೇಕು, ದಸರಾ, ಕ್ರಿಸ್‌ಮಸ್ ರಜೆಯ ದಿನಗಳನ್ನು ಬಿಟ್ಟು ನೋಡಬೇಕು. ಪಿಂಚಣಿಯಲ್ಲಿರುವ ನಿಮಗೆ ದಿನಾಂಕದ ಹಂಗಿಲ್ಲವಲ್ಲ, ಅದೇ ದೊಡ್ಡ ಬಂಡವಾಳ. ನೀವು ಇಲ್ಲಿ ವರ್ಷಕ್ಕೆ ಸಾವಿರಾರು ರೂಪಾಯಿ ಶುಲ್ಕದ ಕಾರ್ಡ್ ತೆಗೆದುಕೊಂಡು, ದಿನಸಿ, ಔಷಧಿ, ಕರೆಂಟ್ ಬಿಲ್ಲಿನಲ್ಲಿ ಮೈಲ್ಸ್ ಕೂಡಿಸುತ್ತೇನೆ ಎಂದು ಹೊರಟರೆ ಶುಲ್ಕವೂ ಹುಟ್ಟುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಕಂಡ ನಿಜವಾದ ನಷ್ಟ ಬೇರೆಯೇ ಇದೆ. ‘ನಾನು ಸದಸ್ಯನಾದೆ’ ಎಂದು ಬರೆದಿದ್ದೀರಿ. ನಿಮ್ಮ ಮನೆಯವರು? ಪಕ್ಕದ ಸೀಟಿನಲ್ಲಿ ಅಷ್ಟೇ ದೂರ ಕೂತು ಬಂದ ಅವರ ಮೈಲ್ಸ್ ಯಾರಿಗೂ ಸೇರಲಿಲ್ಲ. ಇಬ್ಬರ ಟಿಕೆಟ್ ದುಡ್ಡು ನಿಮ್ಮದೇ ಆದರೂ ಅವರ ಪಾಲು ನಿಮ್ಮ ಖಾತೆಗೆ ಬರುವುದಿಲ್ಲ. ಅವರಿಗೆ ಬೇರೆ ಖಾತೆಯೇ ಬೇಕು. ಆಮೇಲೆ ಮನೆಮಂದಿಯ ಮೈಲ್ಸ್ ಒಂದೆಡೆ ಕೂಡಿಸುವ ಸೌಲಭ್ಯ ಕತಾರ್, ಎಮಿರೇಟ್ಸ್, ಬ್ರಿಟಿಷ್ ಏರ್‌ವೇಸ್ ಎಲ್ಲರಲ್ಲೂ ಇದೆ. ಯುನೈಟೆಡ್ ಕೂಡ 2024ರಿಂದ ಐದು ಜನರವರೆಗೆ ಅವಕಾಶ ಕೊಟ್ಟಿದೆ.

ಖಾತೆ ತೆರೆಯುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಕಡೆಯ ಹೆಸರುಗಳ ಫಜೀತಿ ನಿಮಗೆ ಗೊತ್ತೇ ಇದೆ. ಹಾಜರಿ ಪುಸ್ತಕದಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರೂ ಅಪ್ಪನ ಹೆಸರೂ ಆಗಿರುತ್ತವೆ. ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗಿರುವುದೂ ಉಂಟು. ಟಿಕೆಟ್ಟಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ ಮೈಲ್ಸ್ ಬೀಳುವುದಿಲ್ಲ.

ಟಿಕೆಟ್ ಮಾಡಿಕೊಡುವ ಏಜೆಂಟರಿಗೆ ಇಬ್ಬರ ನಂಬರನ್ನೂ ಬುಕಿಂಗ್‌ನಲ್ಲೇ ಸೇರಿಸಲು ಹೇಳಿ. ಮರೆತರೆ ಚೆಕ್-ಇನ್ ಕೌಂಟರಿನಲ್ಲಿ ಹೇಳಬಹುದು. ಮಗಳ ಮನೆ ಮುಟ್ಟಿದ ಮೇಲೂ ಬೋರ್ಡಿಂಗ್ ಪಾಸ್ ಎಸೆಯಬೇಡಿ. ತಿಂಗಳಾದರೂ ಖಾತೆಗೆ ಬರದಿದ್ದರೆ ಅದನ್ನೂ ಇ-ಟಿಕೆಟನ್ನೂ ತೋರಿಸಿ ಕೇಳಬಹುದು, ಸಾಮಾನ್ಯವಾಗಿ ಆರು ತಿಂಗಳವರೆಗೆ ಅವಕಾಶವಿರುತ್ತದೆ. ಸದಸ್ಯರಾಗುವ ಮೊದಲೇ ಮಾಡಿದ ಪ್ರಯಾಣಕ್ಕೆ ಮಾತ್ರ ಹಲವು ಕಡೆ ಕೊಡುವುದಿಲ್ಲ, ಆದ್ದರಿಂದ ಶ್ರೀಮತಿಯವರ ಖಾತೆ ಹೊರಡುವ ಮುಂಚೆಯೇ ಆಗಲಿ. ತಲೆನೋವು ಎಂದಿದ್ದಾರಲ್ಲ, ಪಾಸ್‌ವರ್ಡಿನ ಜವಾಬ್ದಾರಿ ನೀವೇ ಹೊತ್ತುಕೊಳ್ಳಿ.

ಉಳಿದಿರುವ ಸ್ವಲ್ಪ ಮೈಲ್ಸ್ ಎಮಿರೇಟ್ಸ್‌ನದಾದರೆ, ಖಾತೆಯಲ್ಲಿ ಅವು ಯಾವ ತಿಂಗಳು ಹೋಗುತ್ತವೆ ಎಂದು ಈಗಲೇ ನೋಡಿ. ಅವರಲ್ಲಿ ಸ್ವಲ್ಪ ಮೈಲ್ಸ್, ಮಿಕ್ಕಿದ್ದು ದುಡ್ಡು ಎಂದು ಕೂಡಿಸಿ ಕೊಡುವ ದಾರಿಯಿದೆ. ಮುಂದಿನ ಪ್ರಯಾಣಕ್ಕೆ ದುಬೈ ಮೇಲಿನ ದರ ಹೇಗೂ ಅಗ್ಗವಾಗಿ ಕಂಡರೆ ಅವನ್ನು ಅದರಲ್ಲೇ ಮುಗಿಸಿ. ಅಗ್ಗ ಕಾಣದಿದ್ದರೆ ಹೋಗಲಿ ಬಿಡಿ, ದೋಹಾ ಟಿಕೆಟ್ ತೆಗೆಯಿರಿ.